ಫಾರ್ವರ್ಡ್ ಕಂಟ್ರೋಲ್ ಹಾಕಿಸಿದ ಮೇಲೆ ಆಯಿಲ್ ಲೀಕ್, ಹೊಸ ಸೀಲಿಗೂ ನಿಲ್ಲುತ್ತಿಲ್ಲ

ಕಾಪು_ಲೈಟ್‌ಹೌಸ್: ತಲೆ ಕೆಟ್ಟು ಹೋಗಿದೆ ಮಾರಾಯ್ರೆ. ಕಾಲು ಚಾಚಿ ಕೂರುವ ಆಸೆಗೆ ಬೈಕಿಗೆ ಫಾರ್ವರ್ಡ್ ಕಂಟ್ರೋಲ್ (ಗೇರ್, ಬ್ರೇಕ್ ಪೆಡಲ್ ಮುಂದಕ್ಕೆ ತರುವ ಕಿಟ್) ಹಾಕಿಸಿದೆ. ಎರಡು ವಾರ ಸರಿ ಇತ್ತು. ಈಗ ಬೆಳಿಗ್ಗೆ ಎದ್ದರೆ ಅಂಗಳದ ಇಂಟರ್‌ಲಾಕ್ ಮೇಲೆ ಆಯಿಲ್ ಕಲೆ. ಅಮ್ಮನ ಬೈಗುಳ ಬೇರೆ. ಆಯಿಲ್ ತಡೆಯುವ ರಬ್ಬರ್ ಸೀಲ್ ಬದಲಾಯಿಸಿದೆ. ಮೂರೇ ದಿನ, ಮತ್ತೆ ಅದೇ ಕಥೆ. ಎಂತ ಮಾಡುವುದು?

ಪಂಪ್‌ವೆಲ್_ಪಿಸ್ಟನ್: ಬೈಕ್ ಯಾವುದು? ಯಾವ ಸೀಲ್? ಎಡಕ್ಕಾ, ಬಲಕ್ಕಾ? ಜಾತಕ ಕೊಡದೆ ಭವಿಷ್ಯ ಕೇಳಿದ ಹಾಗಾಯಿತು.

ಕಾಪು_ಲೈಟ್‌ಹೌಸ್: ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, 2016ರದ್ದು. ಎಡಗಡೆ ಗೇರ್ ಶಾಫ್ಟ್ ಸೀಲ್, ಗೇರ್ ಪೆಡಲ್ ತಿರುಗಿಸುವ ಶಾಫ್ಟ್ ಇಂಜಿನಿನಿಂದ ಹೊರಬರುವ ಜಾಗದ್ದು. ಫಾರ್ವರ್ಡ್ ಕಂಟ್ರೋಲ್ ಅಂದ ಮೇಲೆ ಅದೇ ಅಲ್ವಾ?

ಹಳೇಗಾಡಿ_ಉಡುಪಿ: ಆಯಿಲ್ ಜಾಸ್ತಿ ಹಾಕಿದ್ದೀರಿ, ಬರೆದು ಕೊಡುತ್ತೇನೆ. ಲೆವೆಲ್ ನೋಡುವ ಗಾಜು ಬಲಕ್ಕೆ ಉಂಟು. ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಎಡಕ್ಕೆ ವಾಲುತ್ತದೆ, ಆಯಿಲ್ ಕಡಿಮೆ ಕಾಣುತ್ತದೆ. ಜನ ಸುರಿಯುತ್ತಾ ಹೋಗುತ್ತಾರೆ. ಬ್ರೀದರ್ ಪೈಪ್ (ಇಂಜಿನ್ ಒಳಗಿನ ಗಾಳಿ ಹೊರಹೋಗುವ ಕೊಳವೆ) ನೋಡಿ.

ಕಾಪು_ಲೈಟ್‌ಹೌಸ್: ಸೆಂಟರ್ ಸ್ಟ್ಯಾಂಡ್ ಹಾಕಿಯೇ ನೋಡಿದ್ದು. ಲೆವೆಲ್ ಸರಿ ಉಂಟು.

ಹಳೇಗಾಡಿ_ಉಡುಪಿ: ಆದರೂ ಬ್ರೀದರ್ ನೋಡಿ.

ಸುರತ್ಕಲ್_ಸವಾರ: 20ಡಬ್ಲ್ಯು50 ಹಾಕಿ, ನಿಲ್ಲುತ್ತದೆ. ನಮ್ಮ ಸೆಕೆಗೆ ದಪ್ಪ ಆಯಿಲೇ ಸರಿ.

ಪಂಪ್‌ವೆಲ್_ಪಿಸ್ಟನ್: ಕಂಪನಿ ಹೇಳಿದ್ದು 15ಡಬ್ಲ್ಯು50. ಬಿಸಿಯಾದ ಮೇಲೆ ಎರಡೂ 50ರ ದಪ್ಪವೇ. ವ್ಯತ್ಯಾಸ ಇರುವುದು ತಣ್ಣಗಿರುವಾಗ.

ಸುರತ್ಕಲ್_ಸವಾರ: ನನ್ನ ಗಾಡಿ 60 ಸಾವಿರ ಓಡಿದೆ. ಪುಸ್ತಕ ಓದಿ ಓಡಿದ್ದಲ್ಲ.

ಮಣಿಪಾಲ_ಗುಡ್ಡೆ: ಮೊದಲು ಇದು ಹೇಳಿ, ಆರ್‌ಟಿಒ ಒಪ್ಪಿಗೆ ಉಂಟಾ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಮಾರ್ಪಾಡಿನ ಬಗ್ಗೆಯೇ ಇರುವುದು.

ಸುರತ್ಕಲ್_ಸವಾರ: ಅಂಗಳದ ಆಯಿಲನ್ನು ಸೆಕ್ಷನ್ 52ರಿಂದ ಒರೆಸುವುದಾ?

ಮಲ್ಪೆ_ಬಂದರು: ನಾನು ಬೋಟ್ ಇಂಜಿನ್ ಕೆಲಸದವ, ಆದರೆ ಸೀಲ್ ಎಲ್ಲಿದ್ದರೂ ಸೀಲೇ. ಮೊದಲು ಸೋರುವುದು ಎಲ್ಲಿಂದ ಅಂತ ಖಚಿತ ಮಾಡಿಕೊಳ್ಳಿ. ಆ ಜಾಗ ಚೆನ್ನಾಗಿ ತೊಳೆದು ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ, ನಿಂತಲ್ಲೇ ಇಂಜಿನ್ ಬಿಸಿ ಮಾಡಿ. ಒದ್ದೆ ಗೆರೆ ಎಲ್ಲಿ ಶುರುವಾಗುತ್ತದೋ ಅದೇ ಜಾಗ. ಚೈನಿನಿಂದ ಎರಚಿದ ಲೂಬ್ ನೋಡಿ ಸೀಲ್ ಬಿಚ್ಚಿದವರೂ ಇದ್ದಾರೆ.

ಶಾಫ್ಟಿನಿಂದಲೇ ಅಂತಾದರೆ ಮುಂದಿನ ಪೆಡಲಿನಿಂದ ಶಾಫ್ಟಿಗೆ ಬರುವ ರಾಡ್ ನೋಡಿ. ಮೇಲಿನಿಂದ ಬಗ್ಗಿ ನೋಡಿದಾಗ ಉದ್ದ ರಾಡ್ ಮತ್ತು ಶಾಫ್ಟ್ ಮೇಲಿನ ಆರ್ಮ್ ಒಂದೇ ಸಾಲಿನಲ್ಲಿ ಇರಬೇಕು. ರಾಡ್ ಓರೆಯಾದರೆ ಪ್ರತಿ ಗೇರಿಗೂ ಶಾಫ್ಟನ್ನು ಅಡ್ಡಕ್ಕೆ ಎಳೆಯುತ್ತದೆ. ಸೀಲಿನ ತುಟಿ (ಶಾಫ್ಟನ್ನು ಹಿಡಿಯುವ ಒಳ ಅಂಚು) ಒಂದೇ ಬದಿ ಸವೆಯುತ್ತದೆ. ಬದಿಯಿಂದ ನೋಡಿದರೆ ಆರ್ಮಿಗೂ ರಾಡಿಗೂ ಹೆಚ್ಚುಕಡಿಮೆ 90 ಡಿಗ್ರಿ ಬರಬೇಕು. ಇಲ್ಲದಿದ್ದರೆ ಗೇರ್ ಗಟ್ಟಿ, ನೀವು ಇನ್ನೂ ಜೋರಾಗಿ ಒದೆಯುತ್ತೀರಿ.

ಇನ್ನೊಂದು. ಸೀಲ್ ತೂರಿಸುವಾಗ ಶಾಫ್ಟಿನ ಹಲ್ಲಿಗೆ ಟೇಪ್ ಸುತ್ತಿದ್ದೀರಾ? ಹಲ್ಲು ತುಟಿಯನ್ನು ಕೊಯ್ದು ಬಿಡುತ್ತದೆ. ಮೂರು ದಿನದ ಲೀಕ್ ಅದೇ ಇರಬಹುದು. ಸಮುದ್ರದ ಬದಿಯಲ್ಲಿ ತುಕ್ಕು ಬೇರೆ. ಶಾಫ್ಟ್ ಮೇಲೆ ಉಗುರು ಆಡಿಸಿ, ಗುಳಿ ತಾಗಿದರೆ ಯಾವ ಸೀಲೂ ನಿಲ್ಲುವುದಿಲ್ಲ. ಮೇಲಿಂದ ಗ್ಯಾಸ್ಕೆಟ್ ಅಂಟು ಮೆತ್ತಬೇಡಿ. ತಿರುಗುವ ಶಾಫ್ಟಿಗೆ ಅದು ಹಿಡಿಯುವುದಿಲ್ಲ.

ಕಾಪು_ಲೈಟ್‌ಹೌಸ್: ಟೇಪಾ? ಇಲ್ಲ. ಮತ್ತೆ ಒಂದು ಹೇಳಲು ಮರೆತೆ. ಕಿಟ್ಟಿನ ರಾಡ್ ಉದ್ದ ಸಾಲಲಿಲ್ಲ. ವರ್ಕ್‌ಶಾಪಿನವರು ತುಂಡು ವೆಲ್ಡ್ ಮಾಡಿ, ಲೆಗ್ ಗಾರ್ಡಿಗೆ ತಾಗದಂತೆ ಸ್ವಲ್ಪ ಬಗ್ಗಿಸಿದ್ದರು.

ಪಂಪ್‌ವೆಲ್_ಪಿಸ್ಟನ್: ಇದನ್ನು ಮೊದಲೇ ಹೇಳಬಾರದಾ ಮಾರಾಯ್ರೆ!

ಸುರತ್ಕಲ್_ಸವಾರ: ನನ್ನದಕ್ಕೆ ಎತ್ತರದ ಏಪ್ ಹ್ಯಾಂಡಲ್, ಸಿಂಗಲ್ ಸೀಟ್, ಫಾರ್ವರ್ಡ್ ಕಂಟ್ರೋಲ್, ಎಲ್ಲ ಉಂಟು. ಒಂದು ತೊಟ್ಟು ಸೋರಿಲ್ಲ. ಫೋಟೋ ಹಾಕಲಾ?

ಹಳೇಗಾಡಿ_ಉಡುಪಿ: ಬ್ರೀದರ್ ನೋಡಿದಿರಾ?

ಕಾಪು_ಲೈಟ್‌ಹೌಸ್: ಒಂದೇ ತುಂಡಿನ ನೇರ ರಾಡ್ ಮಾಡಿಸಿದೆ. ಮುಂದಿನ ಬ್ರಾಕೆಟ್ ಹಿಂದೆ ಎರಡು ವಾಷರ್ ಕೊಟ್ಟ ಮೇಲೆ ಸಾಲಿಗೆ ಬಂತು. ಟೇಪ್ ಸುತ್ತಿ ಹೊಸ ಸೀಲ್ ಹಾಕಿದೆ. ಹಳೆಯದರ ತುಟಿ ನಿಜಕ್ಕೂ ಕೊಯ್ದಿತ್ತು. ಇವತ್ತಿಗೆ ನಾಲ್ಕನೇ ದಿನ, ಅಡಿಯಲ್ಲಿಟ್ಟ ರಟ್ಟು ಒಣಗಿಯೇ ಉಂಟು. ಭಾನುವಾರ ಆಗುಂಬೆ ಘಾಟಿ ಹತ್ತಿಸಿ ಬಂದು ಹೇಳುತ್ತೇನೆ.

*(ಮೂರು ತಿಂಗಳ ನಂತರ)*

ಕುಂದಾಪುರ_ಕುದ್ರು: ಎಂತ ಆಯಿತು ಕಾಪುವಿನವರೆ? ಆಗುಂಬೆಯಿಂದ ಇಳಿಯಲೇ ಇಲ್ಲವಾ? ನನ್ನದೂ ಸೋರುತ್ತಾ ಉಂಟು.

ಹಳೇಗಾಡಿ_ಉಡುಪಿ: ನಿಮ್ಮದು ಬ್ರೀದರ್.