ಸಾಗುವಾನಿ ಪೆಟ್ಟಿಗೆಗೆ ಬೀಟೆ ಮುಚ್ಚಳ: ಮೂಲೆ ಬಿಡದ ಹಾಗೆ, ಹಲಗೆ ಸೀಳದ ಹಾಗೆ ಮಾಡುವುದು ಹೇಗೆ?

ಚಕ್ಕೆಪುಡಿ (ಉಡುಪಿ):
ಹಳೇ ಬಾಗಿಲ ಚೌಕಟ್ಟಿನ ಸಾಗುವಾನಿ ಇದೆ, ಹತ್ತರಿ ಹೊಡೆದು 12 ಮಿ.ಮೀ.ಗೆ ತಂದಾಗಿದೆ. ಮುಚ್ಚಳಕ್ಕೆ ಹಳೇ ಮಂಚದ ಬೀಟೆ ಹಲಗೆ. ಆಭರಣದ ಪೆಟ್ಟಿಗೆ, ಹೊರ ಅಳತೆ 240 × 160 × 100 ಮಿ.ಮೀ. ಮೂಲೆ 45 ಡಿಗ್ರಿ ಮೈಟರ್ (ಎರಡೂ ತುಂಡಿನ ತುದಿ ಓರೆಗೆ ಕೊಯ್ದು ಕೂಡಿಸುವುದು). ಮುಚ್ಚಳದ ಹಲಗೆಯನ್ನು ಬದಿಗಳ ಒಳಮೈಯಲ್ಲಿ ಕೊರೆದ ಗ್ರೂವ್‌ನಲ್ಲಿ (ಉದ್ದನೆಯ ಕಾಲುವೆಯಲ್ಲಿ) ಕೂರಿಸಬೇಕು. ಪೆಟ್ಟಿಗೆ ಕೊನೆಗೆ ಶಿಕಾಗೋದಲ್ಲಿರುವ ಅಕ್ಕನ ಮನೆಗೆ ಹೋಗುತ್ತದೆ. ಪ್ರಶ್ನೆ ಮೂರು: ಮೈಟರ್‌ಗೆ ಬರೀ ಫೆವಿಕಾಲ್ ಸಾಕೇ? ಹಲಗೆಗೆ ಎಷ್ಟು ಜಾಗ ಬಿಡಬೇಕು? ಪಾಲಿಶ್ ಯಾವುದು?

ತೇವಮಾಪಕ:
ಎರಡನೇ ಪ್ರಶ್ನೆಯೇ ಮುಖ್ಯ, ಅದನ್ನೇ ಮೊದಲು ಹೇಳುತ್ತೇನೆ. ಕರಾವಳಿಯ ಮಳೆಗಾಲದಲ್ಲಿ ಮರದ ತೇವಾಂಶ ಶೇ. 18ರ ಹತ್ತಿರ ನಿಲ್ಲುತ್ತದೆ. ಶಿಕಾಗೋದ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯೊಳಗೆ ಅದೇ ಮರ ಶೇ. 6ಕ್ಕೆ ಇಳಿಯುತ್ತದೆ. ಬೀಟೆ, ಸಾಗುವಾನಿ ಎರಡೂ ಹೆಚ್ಚು ಆಡದ (ಉಬ್ಬಿ ಕುಗ್ಗದ) ಮರಗಳೇ. ಆದರೂ ತೇವಾಂಶ ಶೇ. 1 ಇಳಿದಾಗ ಅಗಲ ಸುಮಾರು ಶೇ. 0.2 ಕುಗ್ಗುತ್ತದೆ. 12 × 0.2 ಅಂದರೆ ಶೇ. 2.4. ನಿಮ್ಮ ಅಳತೆಗೆ ಮುಚ್ಚಳದ ಹಲಗೆ ಸುಮಾರು 145 ಮಿ.ಮೀ. ಅಗಲ ಬೇಕು (ಲೆಕ್ಕ ಕೆಳಗಿದೆ), ಅದರಲ್ಲಿ ಅದು 3.5 ಮಿ.ಮೀ.! ಉದ್ದಕ್ಕೆ ಮಾತ್ರ ಏನೂ ಆಗುವುದಿಲ್ಲ ಅಂದುಕೊಳ್ಳಿ.

ಹಲಗೆಯ ಸುತ್ತಲೂ ಗೋಂದು ಹಾಕಿ ಕೂರಿಸಿದರೆ ಈ 3.5 ಮಿ.ಮೀ. ಎಲ್ಲಿಂದಲಾದರೂ ಬರಲೇಬೇಕು. ಒಂದೋ ಹಲಗೆ ಉದ್ದಕ್ಕೆ ಸೀಳುತ್ತದೆ, ಇಲ್ಲವೇ ಮೂಲೆ ಎಳೆದುಕೊಂಡು ಬಿಡುತ್ತದೆ. ಜನ ಇದನ್ನು ಗೋಂದಿನ ತಪ್ಪು ಅನ್ನುತ್ತಾರೆ.

ಹೀಗೆ ಮಾಡಿ: ಗ್ರೂವ್ 5 ಮಿ.ಮೀ. ಆಳ. ಒಳ ಅಗಲ 136, ಎರಡು ಬದಿಯ ಗ್ರೂವ್ ಸೇರಿ 146. ಮರ ಮಳೆಗಾಲದ್ದಾದರೆ ಅದು ಈಗಾಗಲೇ ಉಬ್ಬಿದೆ, ಇನ್ನು ಕುಗ್ಗುವುದಷ್ಟೇ ಬಾಕಿ. ಹಲಗೆ 145 ಇರಲಿ. ಬೇಸಿಗೆಯಲ್ಲಿ ಕೂರಿಸುವುದಾದರೆ 143ಕ್ಕೆ ಕೊಯ್ಯಿರಿ, ಮಳೆ ಬಂದಾಗ ಉಬ್ಬಲು ಜಾಗ ಬೇಕು. ಹಲಗೆಯ ನಾರು ಪೆಟ್ಟಿಗೆಯ ಉದ್ದಕ್ಕೇ ಓಡಲಿ. ಗಿಡ್ಡ ಬದಿಗಳೆರಡರ ನಟ್ಟನಡುವೆ ಮಾತ್ರ ಒಂದೊಂದು ತೊಟ್ಟು ಗೋಂದು. ಆಗ ಕುಗ್ಗುವಿಕೆ ಎರಡೂ ಕಡೆ ಸಮನಾಗಿ ಹಂಚಿಹೋಗುತ್ತದೆ. ಇಲ್ಲವಾದರೆ ಹಲಗೆ ಒಂದೇ ಬದಿಗೆ ಸರಿದು ಇನ್ನೊಂದು ಬದಿಯಲ್ಲಿ ಸಂದು ಕಾಣುತ್ತದೆ.

ಇನ್ನೊಂದು: ಹಲಗೆಗೆ ಕೂರಿಸುವ ಮೊದಲೇ, ಅಂಚಿನವರೆಗೂ ಪಾಲಿಶ್ ಮುಗಿಸಿ. ಆಮೇಲೆ ಹೊಡೆದರೆ, ಕುಗ್ಗಿದಾಗ ಗ್ರೂವ್ ಒಳಗಿದ್ದ ಅಂಚು ಹೊರಗೆ ಬಂದು ಬಿಳಚಿದ ಗೆರೆ ಕಾಣುತ್ತದೆ.

ಆಗುವುದಾದರೆ ಕೊಯ್ದ ತುಂಡುಗಳನ್ನು ಎರಡು ಮೂರು ವಾರ ಎ.ಸಿ. ಕೋಣೆಯಲ್ಲಿ, ನಡುವೆ ಪಟ್ಟಿ ಕೊಟ್ಟು ಜೋಡಿಸಿಡಿ. ಅಡುಗೆಮನೆಯ ತಕ್ಕಡಿಯಲ್ಲಿ ಆಗಾಗ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಕೆಲಸ ಶುರುಮಾಡಿ.

ಮೂಲೆಮಟ್ಟ:
ಮೈಟರ್‌ಗೆ ಬರೀ ಗೋಂದು ಸಾಲದು. ಅಡ್ಡ ಕೊಯ್ದ ತುದಿ ಗೋಂದನ್ನು ಕುಡಿದುಬಿಡುತ್ತದೆ, ಅಂಟಲು ಮೇಲೆ ಏನೂ ಉಳಿಯುವುದಿಲ್ಲ. ಮೊದಲು ಸ್ವಲ್ಪ ನೀರು ಬೆರೆಸಿದ ಗೋಂದನ್ನು ತೆಳ್ಳಗೆ ಸವರಿ, ಐದು ನಿಮಿಷ ಬಿಟ್ಟು ಎರಡನೇ ಸಲ ಗಟ್ಟಿ ಗೋಂದು ಹಚ್ಚಿ. ಸಾಗುವಾನಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಅದಕ್ಕೂ ಮೊದಲು ಕೊಯ್ದ ಮುಖವನ್ನು ಅಸಿಟೋನ್ ಬಟ್ಟೆಯಿಂದ ಒರೆಸಿ, ಒಣಗಿದ ಕೂಡಲೇ ಅಂಟಿಸಿ. ಮರುದಿನಕ್ಕೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಕರಾವಳಿಗೆ ಫೆವಿಕಾಲ್ ಮರೈನ್ ವಾಸಿ.

ಕೊಯ್ತದಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಎಂಟು ಕೊಯ್ತ ಸೇರಿ ಕೊನೆಯ ಮೂಲೆಯಲ್ಲಿ 4 ಡಿಗ್ರಿ ಬಾಯಿ ಬಿಡುತ್ತದೆ. ಎದುರುಬದುರು ತುಂಡುಗಳ ಉದ್ದವೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ಇರಬೇಕು. ಒಂದೇ ಪಟ್ಟಿಯಿಂದ ಉದ್ದ, ಗಿಡ್ಡ, ಉದ್ದ, ಗಿಡ್ಡ ಎಂದು ಸಾಲಾಗಿ ಕೊಯ್ದರೆ ಮೂರು ಮೂಲೆಗಳಲ್ಲಿ ಮರದ ಗೆರೆ ಕೂಡುತ್ತದೆ. ಕೂಡದ ನಾಲ್ಕನೆಯದು ಹಿಂದಕ್ಕೆ.

ಮೊದಲು ಮುಚ್ಚಳ ಸಮೇತ ಪೂರ್ತಿ ಮುಚ್ಚಿದ ಪೆಟ್ಟಿಗೆ ಕಟ್ಟಿ, ಕೊನೆಗೆ ಮುಚ್ಚಳವನ್ನು ಕೊಯ್ದು ಬಿಡಿಸುವುದು. ತುಂಡುಗಳ ಹೊರಮೈ ಮೇಲಿರಲಿ, ಸಾಲಾಗಿಟ್ಟು ಟೇಪ್ ಎಳೆಯಿರಿ. ತಿರುಗಿಸಿ ಗೋಂದು ಹಚ್ಚಿ, ಹಲಗೆ ಮತ್ತು ತಳದ 4 ಮಿ.ಮೀ. ಪ್ಲೈ ಸೇರಿಸಿ ಮಡಚಿ. ಪ್ಲೈ ಆಡುವುದಿಲ್ಲ, ಸುತ್ತಲೂ ಅಂಟಿಸಬಹುದು. ಎರಡೂ ಕರ್ಣ ಅಳೆದು ಸಮ ಇದೆಯೇ ನೋಡಿ, 24 ಗಂಟೆ ಮುಟ್ಟಬೇಡಿ.

ಆಮೇಲೆ ಪ್ರತಿ ಮೂಲೆಗೂ ಅಡ್ಡ ಗರಗಸದ ಸೀಳು ಹಾಕಿ 3 ಮಿ.ಮೀ. ಪಟ್ಟಿ ಕೂರಿಸಿ. ಆಳ 11 ಮಿ.ಮೀ. ದಾಟಬಾರದು. ಮೂಲೆಯಿಂದ ಒಳಗಿನವರೆಗೆ ಇರುವುದೇ 17. ಪಟ್ಟಿಯ ನಾರು ಮೂಲೆಯನ್ನು ದಾಟಿ ಅಡ್ಡ ಓಡಬೇಕು, ನಿಂತ ನಾರಿನ ಪಟ್ಟಿ ಬಿಸ್ಕತ್ತಿನಂತೆ ಮುರಿಯುತ್ತದೆ. ಮುಚ್ಚಳ ಮೇಲಿನಿಂದ 30ಕ್ಕೆ ಕೊಯ್ಯುವುದಾದರೆ ಪಟ್ಟಿ 16, 50, 80 ಮಿ.ಮೀ.ನಲ್ಲಿ ಬರಲಿ.

ಮುಚ್ಚಳ ಬೇರೆ ಮಾಡುವುದು ಇದೆಲ್ಲ ಮುಗಿದ ಮೇಲೆ. ಟೇಬಲ್ ಸಾ ಇದ್ದರೆ 11 ಮಿ.ಮೀ. ಎತ್ತರಕ್ಕೆ ಇಟ್ಟು ನಾಲ್ಕೂ ಬದಿ ಕೊಯ್ದು, ಉಳಿದ ಒಂದು ಮಿಲಿಮೀಟರನ್ನು ಕೈಗರಗಸದಿಂದ ಬಿಡಿಸಿ. ಒಂದೇ ಸಲ ಪೂರ್ತಿ ಕೊಯ್ದರೆ ಕೊನೆಯ ಬದಿಯಲ್ಲಿ ಮುಚ್ಚಳ ಕುಸಿದು ಬ್ಲೇಡ್ ಕಚ್ಚುತ್ತದೆ.

ಚಕ್ಕೆಪುಡಿ:
ತುಂಬಾ ಉಪಕಾರ. ಪಟ್ಟಿಗೆ ಹಲಸಿನ ಮರ ಹಾಕಬಹುದೇ? ಹಿಂಜಸ್ 25 ಮಿ.ಮೀ. ಹಿತ್ತಾಳೆಯದು.

ಅರಗು-ಸ್ಪಿರಿಟ್:
ಹಲಸಿನ ಹಳದಿ ಸಾಗುವಾನಿಯಲ್ಲಿ ಚೆನ್ನಾಗಿ ಎದ್ದು ಕಾಣುತ್ತದೆ. ಪಾಲಿಶ್‌ಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ಸಾಕು. ಬೀಟೆಯ ಪಕ್ಕ ಮಾತ್ರ ಹುಷಾರು: ಬೀಟೆಯ ಬಣ್ಣವೂ ಸ್ಪಿರಿಟ್‌ನಲ್ಲಿ ಕರಗುತ್ತದೆ. ಪಾಲಿಶ್ ಬಟ್ಟೆಯನ್ನು ಬೀಟೆಯಿಂದ ಹಲಸಿನ ಕಡೆಗೆ ಎಳೆದರೆ ಹಳದಿ ಕೊಳೆಯಾಗುತ್ತದೆ. ಬೀಟೆ ಹಲಗೆಗೆ ಕೂರಿಸುವ ಮೊದಲೇ ಪಾಲಿಶ್ ಆಗಿದ್ದರೂ, ಜೋಡಿಸಿದ ಮೇಲೆ ಮತ್ತೆ ಹೊಡೆಯುವಾಗ ಮೊದಲು ತಿಳಿ ಮರಕ್ಕೆ ಸಣ್ಣ ಬ್ರಷ್‌ನಲ್ಲಿ ಎರಡು ಕೋಟ್, ಆಮೇಲೆ ಬೀಟೆಗೆ. ಬಟ್ಟೆಯೂ ಬೇರೆ ಬೇರೆ.

ಒಂದು ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಚಪಡಾ ಅರಗು (ತೆಳು ಚಕ್ಕೆಯಾಗಿ ಸಿಗುವ ಅರಗು), ರಾತ್ರಿ ನೆನೆಸಿ ಸೋಸಿಕೊಳ್ಳಿ. ಮಳೆ ಸುರಿಯುವ ದಿನ ಹೊಡೆಯಬೇಡಿ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಕೂತು ಬಿಳಿ ಮಬ್ಬು ಬರುತ್ತದೆ. ಒಳಗಡೆಗೂ ಇದೇ ಸಾಕು. ಅಗಸೆ ಎಣ್ಣೆ ಹಚ್ಚಿದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಅದರ ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ.

ಮೂಲೆಮಟ್ಟ:
ಹಿತ್ತಾಳೆ ಸ್ಕ್ರೂ ಗಟ್ಟಿ ಮರದಲ್ಲಿ ತಲೆ ಕಳಚಿಕೊಳ್ಳುತ್ತದೆ. ತೂತು ಕೊರೆದು, ಅದೇ ಅಳತೆಯ ಕಬ್ಬಿಣದ ಸ್ಕ್ರೂ ಒಮ್ಮೆ ಹಾಕಿ ತೆಗೆಯಿರಿ. ನಂತರ ಹಿತ್ತಾಳೆಯದಕ್ಕೆ ಮೇಣ ಸವರಿ ಕೈಯಿಂದಲೇ ತಿರುಗಿಸಿ, ಡ್ರಿಲ್ ಮುಟ್ಟಬೇಡಿ. ಹಿಂಜಸ್ ಎಲೆಯ ದಪ್ಪಕ್ಕಿಂತ ಆಳವಾಗಿ ಉಳಿ ಹೊಡೆದರೆ ಹಿಂಬದಿ ಮೊದಲು ತಾಗಿ ಮುಂದೆ ಮುಚ್ಚಳ ಎದ್ದೇ ಇರುತ್ತದೆ. ಆಗ ಹಿಂಜಸ್ ಎಲೆಯ ಕೆಳಗೆ ಪೋಸ್ಟ್‌ಕಾರ್ಡ್ ತುಂಡು ಇಟ್ಟರೆ ಸರಿಹೋಗುತ್ತದೆ.

ತೇವಮಾಪಕ:
ಕಳುಹಿಸುವ ವಿಚಾರ ಒಂದು ಉಳಿಯಿತು. ಬೀಟೆ 2017ರ ಜನವರಿಯಿಂದ ಸೈಟ್ಸ್ ಒಪ್ಪಂದದ (ಅಪಾಯದಲ್ಲಿರುವ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ) ಎರಡನೇ ಪಟ್ಟಿಯಲ್ಲಿದೆ. 2019ರ ತಿದ್ದುಪಡಿಯಂತೆ ಒಂದು ರವಾನೆಯಲ್ಲಿ 10 ಕೆ.ಜಿ.ವರೆಗಿನ ಸಿದ್ಧ ವಸ್ತುವಿಗೆ ವಿನಾಯಿತಿ ಇದೆ. ಆದರೂ ಕೊರಿಯರ್‌ನವರನ್ನು ಮೊದಲೇ ಕೇಳಿಕೊಳ್ಳಿ. ಮರ ಹಳೆಯದೆಂದು ತೋರಿಸಲು ಹಳೇ ಮಂಚದ ಫೋಟೋ ಇದ್ದರೆ ಜೊತೆಗಿರಲಿ.