ಲಿಸ್ಬನ್‌ನ ಈ ಕಲ್ಲಿನ ಹಗ್ಗ ಯಾವ ಶೈಲಿ?

ವಿರಾಜಪೇಟೆಯಿಂದ:
ಲಿಸ್ಬನ್‌ಗೆ ಹೋಗಿರುವ ನಮ್ಮ ಭಾವ ಒಂದು ಮಠದ ಫೋಟೋ ಕಳಿಸಿದ್ದಾರೆ. ದೊಡ್ಡದು ಮಾಡಿ ನೋಡಿದರೆ ಕಲ್ಲಲ್ಲೇ ಹಗ್ಗ ಕೆತ್ತಿದ್ದಾರೆ, ಹುರಿ ಒಂದೊಂದೂ ಬೇರೆ ಬೇರೆ ಕಾಣುತ್ತದೆ! ಪ್ರಾರ್ಥನೆ ಮಾಡುವ ಜಾಗಕ್ಕೆ ಹಡಗಿನ ಹಗ್ಗ ಯಾಕೆ? ಕರಿಮೆಣಸಿನ ದುಡ್ಡಲ್ಲಿ ಕಟ್ಟಿದ್ದು ಅಂತಲೂ ಬರೆದಿದ್ದಾರೆ. ನಮ್ಮ ಕಣದಲ್ಲಿ ಈಗ ಮೆಣಸು ಒಣಗುತ್ತಿದೆ, ಹಾಗಾಗಿ ಕೇಳಲೇಬೇಕು ಅನ್ನಿಸಿತು.

ಮಡಿಕೇರಿಯಿಂದ:
ಅದು ಜೆರೋನಿಮೋಸ್ ಮಠ ಇರಬೇಕು. ಶೈಲಿಯ ಹೆಸರು ಮ್ಯಾನುಯೆಲೈನ್. ಪೋರ್ಚುಗಲ್‌ನ ರಾಜ ಒಂದನೇ ಮ್ಯಾನುಯೆಲ್ (1495–1521) ಕಾಲದ್ದು, ಹೆಸರು ಮಾತ್ರ 19ನೇ ಶತಮಾನದಲ್ಲಿ ಇಟ್ಟದ್ದು. ಚೂಪು ಕಮಾನಿನ ಹಳೆಯ ಯುರೋಪಿನ ಕಟ್ಟಡ ಶೈಲಿ ಗಾಥಿಕ್‌ನ ಕೊನೆಗಾಲ ಅದು. ಕಮಾನು, ಚಾವಣಿ ಎಲ್ಲ ಗಾಥಿಕ್, ಮೈಮೇಲಿನ ಅಲಂಕಾರ ಮಾತ್ರ ಸಮುದ್ರದ್ದು. ಹಗ್ಗ, ಗಂಟು, ಹವಳ, ಆಕಾಶದ ಗ್ರಹ-ನಕ್ಷತ್ರಗಳ ದಾರಿ ತೋರಿಸುವ ಬಳೆಬಳೆಯ ಗೋಳ. ಆ ಗೋಳ ರಾಜನ ಗುರುತೇ ಆಗಿತ್ತು. ಊರಿನ ಸಿರಿಯೆಲ್ಲ ಹಡಗಿನಲ್ಲಿ ಬರುತ್ತಿದ್ದಾಗ ಶಿಲ್ಪಿಗಳ ಕೈಗೆ ಹಗ್ಗ ಬಂದದ್ದು ಸಹಜ ಅಲ್ವಾ?

ಮೆಣಸಿನ ಮಾತು ನಿಜ. ಆಫ್ರಿಕಾ, ಏಷ್ಯಾದ ವ್ಯಾಪಾರದ ಮೇಲೆ ಸುಮಾರು 5% ತೆರಿಗೆ ಹಾಕಿ ಆ ದುಡ್ಡನ್ನು ಕಟ್ಟಡಕ್ಕೆ ಕೊಟ್ಟರು. 1498ರಲ್ಲಿ ಕೋಳಿಕ್ಕೋಡ್ ಕಡೆ ಬಂದಿಳಿದ ವಾಸ್ಕೋ ಡ ಗಾಮನ ಸಮಾಧಿಯೂ ಅಲ್ಲೇ ಇದೆ.

ಗೋಣಿಕೊಪ್ಪದಿಂದ:
ಮಠ ಚೆಂದವೇ, ಆದರೆ ಪೋರ್ಚುಗಲ್‌ನದ್ದೇ ಆದ ತೋಮಾರ್ ಊರಿನ ಕ್ರಿಸ್ತ ಮಠದ ಕಿಟಕಿ ನೋಡದೆ ಈ ಶೈಲಿ ನೋಡಿದೆ ಅನ್ನಬೇಡಿ. ಒಂದೇ ಒಂದು ಕಿಟಕಿ. ಅದರ ಸುತ್ತ ದಪ್ಪ ಹಗ್ಗ, ಸಂಕೋಲೆ, ಸಮುದ್ರದ ಪಾಚಿ, ಹವಳ, ಎಲ್ಲ ಒಂದರ ಮೇಲೊಂದು ಹೆಣೆದುಕೊಂಡು ಮೇಲೇರಿ ನೆತ್ತಿಯಲ್ಲಿ ಶಿಲುಬೆಗೆ ಮುಟ್ಟುತ್ತವೆ. ವಾಸ್ತುಶಿಲ್ಪಿ ಡಿಯೋಗೊ ಡಿ ಅರ್ರೂಡ ಮಾಡಿಸಿದ್ದು, 1510ರ ಆಸುಪಾಸು. ನಮ್ಮ ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಒತ್ತಾಗಿ ಹಬ್ಬಿರುತ್ತದಲ್ಲ, ನನಗೆ ಅದೇ ನೆನಪಾಗುತ್ತದೆ. ಲಿಸ್ಬನ್‌ನ ಬೆಲೆಮ್ ಗೋಪುರದಲ್ಲಿ ಕಲ್ಲಿನ ಘೇಂಡಾಮೃಗವೂ ಇದೆ. 1515ರಲ್ಲಿ ಗುಜರಾತಿನ ಸುಲ್ತಾನ ಕೊಟ್ಟ ಘೇಂಡಾಮೃಗ ಹಡಗಿನಲ್ಲಿ ಅಲ್ಲಿಗೆ ಹೋಗಿತ್ತು.

ವಿರಾಜಪೇಟೆಯಿಂದ:
ಥ್ಯಾಂಕ್ಸ್ ಅಣ್ಣ. ಹಾಗಾದರೆ ಆ ಮೆಣಸು ನಮ್ಮ ಕಡೆಯದ್ದಾ?

ಮಡಿಕೇರಿಯಿಂದ:
ಹಡಗು ತುಂಬಿದ್ದು ಮಲಬಾರಿನ ಬಂದರುಗಳಲ್ಲಿ. ಕೊಡಗಿನದ್ದು ಅಂತ ಸುಮ್ನೆ ಹೇಳೋದು ಬೇಡ.

ಕುಶಾಲನಗರದಿಂದ:
ಲಿಸ್ಬನ್ ದೂರ ಆದರೆ ಹಳೆ ಗೋವಾಗೆ ಹೋಗಿ. ಅಸ್ಸಿಸಿಯ ಸಂತ ಫ್ರಾನ್ಸಿಸ್ ಚರ್ಚನ್ನು 1661ರಲ್ಲಿ ಹೊಸದಾಗಿ ಕಟ್ಟಿದರೂ ಹಳೆಯ ಚರ್ಚಿನ ಮ್ಯಾನುಯೆಲೈನ್ ಬಾಗಿಲನ್ನು ಹಾಗೇ ಉಳಿಸಿಕೊಂಡಿದ್ದಾರೆ. ಆ ಗೋಳಗಳೂ ಅಲ್ಲಿವೆ. ಎಲ್ಲರೂ ಒಳಗಿನ ಬಂಗಾರದ ಬಣ್ಣ ನೋಡಲು ಓಡುತ್ತಾರೆ, ನೀವು ಬಾಗಿಲ ಬಳಿಯೇ ಹತ್ತು ನಿಮಿಷ ನಿಲ್ಲಿ.

ವಿರಾಜಪೇಟೆಯಿಂದ:
ಮೆಣಸಿನ ಕೊಯ್ಲು ಮುಗಿದ ಕೂಡಲೇ ಹೊರಡುತ್ತೇವೆ. ಗೋಳದ ಫೋಟೋ ಇಲ್ಲೇ ಹಾಕುತ್ತೇನೆ.