ಸಹಾಯ ಬೇಕು: ನಮ್ ಗೇಮ್ ಇಂಜಿನ್ ನಿಂತ್ ಹೋಗ್ಬಾರ್ದು, ದುಡ್ಡು ಹೇಗ್ ಕೂಡ್ಸೋದು?

ನಮಸ್ಕಾರ ಎಲ್ರಿಗೂ, ನಾವು ಮೈಸೂರಿನ ಸರಸ್ವತಿಪುರಂ ಕಡೆ ಐದ್ ಜನ, ಕನ್ನಡದಲ್ಲಿ ಚಿಕ್ಕ ಟೂ-ಡಿ ಗೇಮ್ ಮಾಡೋಕೆ ಅಂತ ಲುವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಇಟ್ಕೊಂಡು ಒಂದು ಇಂಜಿನ್ ಕಟ್ಟಿದ್ದೀವಿ, ಒತ್ತಕ್ಷರ ಒಡ್ಕೊಂಡು ಬರ್ತಿತ್ತು ಅಂತ ಅಕ್ಷರ ಸರಿಯಾಗಿ ಜೋಡ್ಸೋ ಹಾರ್ಫ್‌ಬಜ್ ಅನ್ನೋ ಸಾಫ್ಟ್‌ವೇರ್ ಸೇರ್ಸೋದ್ರಲ್ಲೇ ಎರಡು ತಿಂಗಳು ಹೋಯ್ತು, ಈಗ ಸ್ಕ್ರೀನಲ್ಲಿ "ಶ್ರೀರಂಗಪಟ್ಟಣ" ಅಂತ ನೆಟ್ಟಗೆ ಬರುತ್ತೆ (ಆವತ್ತು ಹೋಗಿ ಮಸಾಲೆ ದೋಸೆ ತಿಂದ್ವಿ). ಮಂಡ್ಯದ ಡಿಪ್ಲೊಮಾ ಹುಡುಗ್ರೂ ಸೇರಿ ನಲವತ್ತು ಜನ ಬಳಸ್ತಾರೆ.

ತೊಂದ್ರೆ ಏನಂದ್ರೆ ಸರ್ವರ್, ಡೊಮೇನ್ ಎಲ್ಲಾ ನನ್ ಸಂಬಳದಲ್ಲೇ ನಡೀತಿದೆ, ತಿಂಗಳಿಗೆ ಎರಡೂವರೆ ಸಾವಿರ. ನನ್ ಯುಪಿಐ ಹಾಕಿದ್ರೆ 50 ರೂಪಾಯಿ ಕೊಟ್ಟವ್ರು ಲೆಕ್ಕ ಎಲ್ಲಿ ಅಂತಾರೆ, ಕೇಳೋದು ತಪ್ಪಲ್ಲ ಬಿಡಿ.

ಲೈಸೆನ್ಸ್ ಮಾರೋಕೆ ಮನಸ್ಸಿಲ್ಲ. 2023ರಲ್ಲಿ ಯೂನಿಟಿ ಅನ್ನೋ ಗೇಮ್ ಇಂಜಿನ್ ಕಂಪನಿಯವ್ರು ಇನ್‌ಸ್ಟಾಲ್ ಲೆಕ್ಕದಲ್ಲಿ ಫೀಸ್ ಅಂದಾಗ ಎಷ್ಟ್ ಗಲಾಟೆ ಆಯ್ತು, ಮುಂದಿನ ವರ್ಷ ವಾಪಸ್ ತಗೊಂಡ್ರು. ಅದೇ ಬ್ಲೆಂಡರ್ ಅನ್ನೋ ತ್ರೀ-ಡಿ ಸಾಫ್ಟ್‌ವೇರ್ ನೋಡಿ, 2002ರಲ್ಲಿ ಜನ್ರೇ ಏಳು ವಾರದಲ್ಲಿ 1 ಲಕ್ಷ ಯೂರೋ ಕೂಡ್ಸಿ ಅದರ ಕೋಡ್ ಬಿಡಿಸ್ಕೊಂಡ್ರು, ಈಗ್ಲೂ ಡೆವಲಪ್‌ಮೆಂಟ್ ಫಂಡ್‌ಗೆ ತಿಂಗಳ ಚಂದಾ ಕೊಡೋವ್ರಿದ್ದಾರೆ. ನಮ್ಗೂ ಆ ಥರದ್ದೇ ಬೇಕು.

ಸೊಸೈಟಿ ರಿಜಿಸ್ಟರ್ ಮಾಡ್ಸೋಕೆ ಕಡಿಮೆ ಅಂದ್ರೂ 7 ಜನ ಬೇಕು, ನಾವಿರೋದೇ ಐದು. ಟ್ರಸ್ಟ್ ಮಾಡ್ಸಿದ್ರೆ ವಾಸಿನಾ? ಕೊಟ್ಟವ್ರಿಗೆ ಟ್ಯಾಕ್ಸ್ ವಿನಾಯ್ತಿ ಸಿಗೋ 80ಜಿ ಸಿಗೋಕೆ ಎಷ್ಟ್ ಓಡಾಡ್ಬೇಕು? ಅಮೆರಿಕದ ಸಿಟಿಜನ್ ಆಗಿರೋ ಸೀನಿಯರ್ ಒಬ್ರು ಕೊಡ್ತೀನಿ ಅಂತಾರೆ, ಆದ್ರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾನೂನು) ತಲೆನೋವು ನಮ್ಗೆ ಬೇಡ, ಅವ್ರಿಗೆ ಸದ್ಯಕ್ಕೆ ಬೇಡ ಸಾರ್ ಅಂದಿದ್ದೀನಿ.

ಮೈಸೂರಲ್ಲಿ ಇಂಥ ಕೆಲ್ಸ ಮಾಡಿರೋ ಆಡಿಟರ್ ಗೊತ್ತಿದ್ರೆ ಇನ್‌ಬಾಕ್ಸ್ ಮಾಡಿ. ಲುವಾ ಬರೋವ್ರು ಇನ್ನಿಬ್ರು ಸೇರ್ಕೊಂಡ್ರೆ ಏಳೂ ಆಗುತ್ತೆ!